ಕಾಯುವ ಕೈಗವಸೇ ಕಾಡತೊಡಗಿದಾಗ

ಶಸ್ತ್ರವೈದ್ಯರ ರಬ್ಬರ್ ಕೈಗವಸು ಹುಟ್ಟಿದ್ದು ರೋಗಿಯನ್ನು ಸೋಂಕಿನಿಂದ ಕಾಪಾಡುವುದಕ್ಕಲ್ಲ, ಒಬ್ಬ ಶುಶ್ರೂಷಕಿಯ ಕೈಗಳನ್ನು ಕಾಪಾಡುವುದಕ್ಕೆ ಎಂಬ ಸಂಗತಿ ಬಹಳ ಮಂದಿಗೆ ತಿಳಿದಿರಲಾರದು. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ಆರಂಭವಾದದ್ದು 1889ರಲ್ಲಿ. ಅಲ್ಲಿನ ಶಸ್ತ್ರವೈದ್ಯ ವಿಲಿಯಂ ಹಾಲ್‌ಸ್ಟೆಡ್ ಅವರ ಕೊಠಡಿಯಲ್ಲಿ ದುಡಿಯುತ್ತಿದ್ದ ಶುಶ್ರೂಷಕಿ ಕ್ಯಾರೊಲಿನ್ ಹ್ಯಾಂಪ್ಟನ್. ಕ್ರಿಮಿನಾಶಕವಾಗಿ ಬಳಸುತ್ತಿದ್ದ ಪಾದರಸದ ಕ್ಲೋರೈಡ್ ದ್ರಾವಣದಲ್ಲಿ ದಿನವೂ ಕೈ ಅದ್ದಬೇಕಾಗಿದ್ದ ಆಕೆಯ ಚರ್ಮ ಕೆಂಪೇರಿ ಬಿರಿಯತೊಡಗಿತು. ಹಾಲ್‌ಸ್ಟೆಡ್ ಗುಡ್‌ಇಯರ್ ರಬ್ಬರ್ ಕಂಪನಿಗೆ ಹೇಳಿ ತೆಳುವಾದ ಎರಡು ಜೊತೆ ಕೈಗವಸು ಮಾಡಿಸಿದರು. 1890ರಲ್ಲಿ ಅವರಿಬ್ಬರ ವಿವಾಹವೂ ಆಯಿತು. ಶಸ್ತ್ರವೈದ್ಯರೆಲ್ಲರೂ ಕೈಗವಸು ತೊಟ್ಟರೆ ಗಾಯ ಕೀವಾಗುವುದು ಕಡಿಮೆಯಾಗುತ್ತದೆ ಎಂಬುದು ಮನವರಿಕೆಯಾದದ್ದು ಆನಂತರದ ಮಾತು.

ಅಂಥ ಕೈಗವಸೇ ಒಂದು ಶತಮಾನ ಕಳೆಯುವಷ್ಟರಲ್ಲಿ ಸಾವಿರಾರು ಶುಶ್ರೂಷಕಿಯರ ಕೈಗಳಿಗೂ ಉಸಿರಿಗೂ ಕುತ್ತಾಗಿ ಪರಿಣಮಿಸಿತು. ರೋಗಿಯ ರಕ್ಷಣೆಗೆಂದು ತೊಟ್ಟದ್ದು ಕೆಲವು ರೋಗಿಗಳ ಪ್ರಾಣಕ್ಕೂ ಎರವಾಯಿತು. ಲ್ಯಾಟೆಕ್ಸ್ ಅಲರ್ಜಿ ಎಂದು ಕರೆಯುವ ಈ ತೊಂದರೆಯ ಬಗ್ಗೆ ನಮ್ಮ ಆಸ್ಪತ್ರೆಗಳಲ್ಲಿ ಆಗಬೇಕಾದಷ್ಟು ಮಾತು ಆಗುತ್ತಿಲ್ಲ. ಅರಿವಳಿಕೆ ವೈದ್ಯನಾಗಿ ಮೂರು ದಶಕ ಶಸ್ತ್ರಚಿಕಿತ್ಸಾ ಕೊಠಡಿಗಳಲ್ಲೇ ಕಳೆದವನು ನಾನು. ವೈದ್ಯರ ಸಮ್ಮೇಳನಗಳಲ್ಲಿ ಆಡಿ ಮುಗಿಸುವ ಮಾತನ್ನು ಸಾರ್ವಜನಿಕರ ಮುಂದಿಡಬೇಕೆಂದು ಅನ್ನಿಸಿರುವುದಕ್ಕೆ ಕಾರಣವಿದೆ. ಈ ಅಲರ್ಜಿಗೆ ಸದ್ಯಕ್ಕೆ ಖಾತರಿಯಾಗಿ ಗುಣಪಡಿಸುವ ಔಷಧವಿಲ್ಲ. ಆದರೆ ಇದನ್ನು ಬಹುಮಟ್ಟಿಗೆ ಬರದಂತೆ ತಡೆಯಲು ಸಾಧ್ಯ. ತಡೆಯುವ ಕೀಲಿ ಇರುವುದು ಪ್ರಯೋಗಾಲಯದಲ್ಲಲ್ಲ, ಆಸ್ಪತ್ರೆಯ ಖರೀದಿ ವಿಭಾಗದಲ್ಲಿ.

ಮರದ ರಕ್ಷಣೆ, ಮನುಷ್ಯನ ತೊಂದರೆ

ರಬ್ಬರ್ ಮರದ ತವರು ಅಮೆಜಾನ್ ಕಾಡು. 1876ರಲ್ಲಿ ಹೆನ್ರಿ ವಿಕಮ್ ಎಂಬ ಇಂಗ್ಲಿಷಿನವನು ಅಲ್ಲಿಂದ ಲಂಡನ್ನಿನ ಕ್ಯೂ ಉದ್ಯಾನಕ್ಕೆ ಸಾಗಿಸಿದ ಬೀಜಗಳಿಂದ ಎದ್ದ ಸಸಿಗಳು ಸಿಲೋನ್, ಸಿಂಗಪುರಗಳನ್ನು ತಲುಪಿ, ಮುಂದೆ ಏಷ್ಯಾದ ತೋಟಗಳಾದವು. ನಮ್ಮ ಸುಳ್ಯ, ಪುತ್ತೂರು, ಬೆಳ್ತಂಗಡಿ ಸೀಮೆಯವರಿಗೆ ಈ ಮರವನ್ನು ಪರಿಚಯಿಸಬೇಕಾಗಿಲ್ಲ. ನಸುಕಿನಲ್ಲಿ ತೊಗಟೆಯನ್ನು ಓರೆಯಾಗಿ ಕೆತ್ತಿದರೆ ಕೆಳಗೆ ಕಟ್ಟಿದ ಕರಟಕ್ಕೋ ಬಟ್ಟಲಿಗೋ ತೊಟ್ಟಿಕ್ಕುವ ಬಿಳಿಯ ಹಾಲೇ ಲ್ಯಾಟೆಕ್ಸ್.

ಈ ಹಾಲಿನಲ್ಲಿ ಮೂರನೆಯ ಒಂದು ಭಾಗದಷ್ಟು ರಬ್ಬರ್ ಇರುತ್ತದೆ, ಉಳಿದದ್ದು ಬಹುಪಾಲು ನೀರು. ಶೇಕಡ ಒಂದೆರಡರಷ್ಟು ಪ್ರೋಟೀನ್ ಇದೆ. ನಮ್ಮ ಕಥೆ ಇರುವುದು ಈ ಒಂದೆರಡರಲ್ಲಿ. ಮರ ಹಾಲು ಸುರಿಸುವುದು ಮನುಷ್ಯನಿಗಾಗಿ ಅಲ್ಲ. ತೊಗಟೆಗೆ ಗಾಯವಾದಾಗ ಅದನ್ನು ಮುಚ್ಚಿ, ಒಳನುಗ್ಗುವ ಶಿಲೀಂಧ್ರ, ಕೀಟಗಳನ್ನು ತಡೆಯುವುದಕ್ಕಾಗಿ. ಆ ಹಾಲಿನಲ್ಲಿರುವ ಹೆವೀನ್ ಎಂಬ ಪುಟ್ಟ ಪ್ರೋಟೀನು ಶಿಲೀಂಧ್ರಗಳ ಹೊರಗೋಡೆಯ ಕೈಟಿನ್ ಎಂಬ ವಸ್ತುವಿಗೆ ಅಂಟಿಕೊಂಡು ಅವುಗಳ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಅಲರ್ಜಿ ಉಂಟುಮಾಡುವ ಪ್ರೋಟೀನುಗಳ ಅಧಿಕೃತ ಪಟ್ಟಿಯಲ್ಲಿ ರಬ್ಬರ್ ಹಾಲಿನ ಹದಿನೈದು ಪ್ರೋಟೀನುಗಳಿಗೆ ಸ್ಥಾನ ಸಿಕ್ಕಿದ್ದು, ಹೆವೀನ್ ಅವುಗಳಲ್ಲಿ ಪ್ರಮುಖವಾದುದು. ಮರದ ಆತ್ಮರಕ್ಷಣೆಯ ಅಸ್ತ್ರವೊಂದು ಮನುಷ್ಯದೇಹದ ರಕ್ಷಣಾ ವ್ಯವಸ್ಥೆಯನ್ನು ಕೆಣಕುವ ಪರಿ ಇದು.

ಬಾಳೆ, ಬೆಣ್ಣೆಹಣ್ಣು, ಕಿವಿ, ಚೆಸ್ಟ್‌ನಟ್‌ಗಳಲ್ಲಿ ಹೆವೀನನ್ನು ಹೋಲುವ ತುಣುಕುಗಳುಳ್ಳ ಪ್ರೋಟೀನುಗಳಿವೆ. ಅವೂ ಆಯಾ ಗಿಡಗಳ ರಕ್ಷಣಾ ಪ್ರೋಟೀನುಗಳೇ. ಹೀಗಾಗಿ ಲ್ಯಾಟೆಕ್ಸ್ ಒಗ್ಗದವರಲ್ಲಿ ಮೂರನೆಯ ಒಂದು ಭಾಗದಿಂದ ಅರ್ಧದಷ್ಟು ಮಂದಿಗೆ ಇಂಥ ಯಾವುದಾದರೊಂದು ಹಣ್ಣೂ ಒಗ್ಗದಿರಬಹುದು. ಬಾಳೆಹಣ್ಣು ತಿಂದರೆ ಬಾಯಿ ತುರಿಸುತ್ತದೆ ಎಂದು ಯಾರಾದರೂ ಹೇಳಿದರೆ ನಾವು ನಕ್ಕುಬಿಡುತ್ತೇವೆ. ದೇವರ ನೈವೇದ್ಯದಿಂದ ಹಿಡಿದು ಊಟದ ಎಲೆಯ ತುದಿಯವರೆಗೆ ಬಾಳೆಹಣ್ಣಿಲ್ಲದೆ ನಡೆಯದ ನಾಡಿನಲ್ಲಿ ಅದೊಂದು ನಖರಾ ಎಂದೇ ತೋರುತ್ತದೆ. ಶಸ್ತ್ರಚಿಕಿತ್ಸೆಗೆ ಮುನ್ನ ನನ್ನ ಎದುರು ಕೂತ ರೋಗಿ ಆ ಮಾತು ಹೇಳಿದರೆ ನಾನಂತೂ ನಗುವುದಿಲ್ಲ; ಲೇಖನಿ ಎತ್ತಿಕೊಂಡು ಇನ್ನೂ ನಾಲ್ಕು ಪ್ರಶ್ನೆ ಕೇಳುತ್ತೇನೆ.

ಎಲ್ಲ ತುರಿಕೆಯೂ ಒಂದೇ ಅಲ್ಲ

ಕೈಗವಸಿನಿಂದ ಕೈ ಕೆಂಪಾದವರೆಲ್ಲರಿಗೂ ಲ್ಯಾಟೆಕ್ಸ್ ಅಲರ್ಜಿ ಇದೆಯೆಂದು ಭಾವಿಸಿ ಹೆದರಬೇಕಾಗಿಲ್ಲ. ಇಲ್ಲಿ ಮೂರು ಬೇರೆಬೇರೆ ಸಂಗತಿಗಳಿವೆ.

ಮೊದಲನೆಯದು ಅಲರ್ಜಿಯೇ ಅಲ್ಲ. ಪದೇಪದೇ ಸಾಬೂನಿನಿಂದ ಕೈ ತೊಳೆಯುವುದು, ಸರಿಯಾಗಿ ಆರಿಸದೆ ಕೈಗವಸು ತೊಡುವುದು, ಒಳಗಿನ ಬೆವರು, ಪುಡಿಯ ಉಜ್ಜಾಟ ಇವುಗಳಿಂದ ಚರ್ಮ ಒಣಗಿ ಬಿರಿಯುತ್ತದೆ. ಎಲ್ಲಕ್ಕಿಂತ ಸಾಮಾನ್ಯವಾದದ್ದು ಇದೇ. ಎರಡನೆಯದು ರಬ್ಬರನ್ನು ಹದಗೊಳಿಸುವಾಗ ಸೇರಿಸುವ ಥೈಯುರಾಮ್, ಕಾರ್ಬಮೇಟ್ ಮುಂತಾದ ರಾಸಾಯನಿಕಗಳಿಗೆ ಬರುವ ಅಲರ್ಜಿ. ಇದು ತಕ್ಷಣ ಕಾಣಿಸದೆ ಒಂದೆರಡು ದಿನ ಕಳೆದು ಇಸುಬಿನಂತೆ ಏಳುತ್ತದೆ. ಕಾಟ ಕೊಡುತ್ತದೆಯೇ ಹೊರತು ಪ್ರಾಣಕ್ಕೆ ಬರುವುದಿಲ್ಲ. ನೈಟ್ರೈಲ್ ಎಂಬ ಕೃತಕ ರಬ್ಬರಿನ ಅನೇಕ ಕೈಗವಸುಗಳಲ್ಲೂ ಇದೇ ರಾಸಾಯನಿಕಗಳು ಇರುವುದರಿಂದ, ನೈಟ್ರೈಲ್‌ಗೆ ಬದಲಾಯಿಸಿದರೂ ಕೆಲವರ ಕೈ ಗುಣವಾಗದಿರುವುದುಂಟು.

ಮೂರನೆಯದೇ ನಿಜವಾದ ಲ್ಯಾಟೆಕ್ಸ್ ಅಲರ್ಜಿ. ಹಾಲಿನ ಪ್ರೋಟೀನಿನ ವಿರುದ್ಧ ದೇಹ ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸಿಟ್ಟುಕೊಳ್ಳುತ್ತದೆ. ಮೊದಮೊದಲ ಸಂಪರ್ಕದಲ್ಲಿ ಏನೂ ಆಗದು. ಸಂಪರ್ಕ ಹೆಚ್ಚುತ್ತ ಹೋದಂತೆ ಒಂದು ದಿನ ದೇಹ ಸಿಡಿದೇಳುತ್ತದೆ. ಕೈಗವಸು ತೊಟ್ಟ ಕೆಲವೇ ನಿಮಿಷಗಳಲ್ಲಿ ಗಂಧೆ ಏಳುವುದು, ಕಣ್ಣು ಮೂಗಿನಲ್ಲಿ ನೀರು, ಸೀನು, ಉಬ್ಬಸ. ತೀವ್ರವಾದರೆ ಗಂಟಲು ಊದಿ, ರಕ್ತದೊತ್ತಡ ಕುಸಿದು, ಅನಾಫಿಲ್ಯಾಕ್ಸಿಸ್ ಎಂಬ ಮಾರಣಾಂತಿಕ ಸ್ಥಿತಿ. ಈ ಮೂರನ್ನೂ ಬೇರ್ಪಡಿಸಿ ಗುರುತಿಸಬೇಕಾದವರು ತಜ್ಞರು. ರಾಸಾಯನಿಕಗಳ ಅಲರ್ಜಿಗೆ ಬೆನ್ನಿಗೆ ಪಟ್ಟಿ ಅಂಟಿಸಿ ಮಾಡುವ ಪರೀಕ್ಷೆ, ಪ್ರೋಟೀನಿನ ಅಲರ್ಜಿಗೆ ರಕ್ತಪರೀಕ್ಷೆ ಅಥವಾ ಚರ್ಮಕ್ಕೆ ಸೂಜಿ ತಾಗಿಸುವ ಪರೀಕ್ಷೆ ಉಂಟು. ರಕ್ತಪರೀಕ್ಷೆ ಕೆಲವೊಮ್ಮೆ ತಪ್ಪಿಸಿಕೊಳ್ಳುವುದರಿಂದ ರೋಗಿಯ ಪೂರ್ವವೃತ್ತಾಂತವೇ ಮುಖ್ಯ.

ಪುಡಿಯ ಪಾತ್ರ

ತ್ವರಿತವಾಗಿ ಕಾಣಿಸುವ ಈ ಅಲರ್ಜಿಯನ್ನು ಆಧುನಿಕ ವೈದ್ಯಸಾಹಿತ್ಯ ಗಂಭೀರವಾಗಿ ದಾಖಲಿಸಿದ್ದು 1979ರಲ್ಲಿ, ಬ್ರಿಟನ್ನಿನ ಚರ್ಮರೋಗ ಪತ್ರಿಕೆಯೊಂದರಲ್ಲಿ ಬಂದ ವರದಿಯ ಮೂಲಕ. ಅಷ್ಟರಲ್ಲಿ ಏಡ್ಸ್ ಬಂತು. 1987ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಪ್ರತಿ ರೋಗಿಯ ರಕ್ತವನ್ನೂ ಸೋಂಕಿತವೆಂದೇ ಭಾವಿಸಿ ಕೈಗವಸು ಬಳಸಬೇಕೆಂದು ಸೂಚಿಸಿತು. ಸೂಚನೆ ಸರಿಯಾದದ್ದೇ. ಆದರೆ ಕೈಗವಸಿನ ಬೇಡಿಕೆ ಒಮ್ಮೆಲೇ ಗಗನಕ್ಕೇರಿತು. ಹಾಲಿನಲ್ಲಿ ಅದ್ದಿ ತೆಗೆದ ಕೈಗವಸನ್ನು ನೀರಿನಲ್ಲಿ ಚೆನ್ನಾಗಿ ನೆನೆಸಿ ತೊಳೆದರೆ ಪ್ರೋಟೀನಿನ ಬಹುಪಾಲು ಹೋಗುತ್ತದೆ. ಆ ತೊಳೆತ ಅರೆಬರೆಯಾದ ಸರಕು ಮಾರುಕಟ್ಟೆಯಲ್ಲಿ ತುಂಬಿದರೆ ಆಗುವುದೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕೆ ಜೊತೆಗೂಡಿದ್ದು ಪುಡಿ. ಕೈಗವಸು ಸಲೀಸಾಗಿ ಜಾರಲೆಂದು ಒಳಗೆ ಮೆಕ್ಕೆಜೋಳದ ಪಿಷ್ಟ ಸವರುತ್ತಾರೆ. ಪಿಷ್ಟದ ಕಣಗಳು ಲ್ಯಾಟೆಕ್ಸ್ ಪ್ರೋಟೀನನ್ನು ಹೀರಿಕೊಂಡು, ಕೈಗವಸನ್ನು ಪಟಕ್ಕನೆ ಎಳೆದು ತೆಗೆದಾಗಲೆಲ್ಲ ಗಾಳಿಗೆ ಹಾರುತ್ತವೆ. ಗಂಟೆಗಟ್ಟಲೆ ತೇಲುವ ಆ ಕಣಗಳನ್ನು ಕೊಠಡಿಯಲ್ಲಿರುವ ಎಲ್ಲರೂ ಉಸಿರಾಡುತ್ತಾರೆ. ಕೈಗವಸು ತೊಡದವರಿಗೂ ಅಲರ್ಜಿ ತಗಲುವ ಬಗೆ ಇದು. ಅಮೆರಿಕದ ಔದ್ಯೋಗಿಕ ಸುರಕ್ಷತೆಯ ರಾಷ್ಟ್ರೀಯ ಸಂಸ್ಥೆ 1997ರಲ್ಲಿ ನೀಡಿದ ಎಚ್ಚರಿಕೆಯ ಪ್ರಕಾರ, ಆ ವೇಳೆಗೆ ಲ್ಯಾಟೆಕ್ಸ್‌ನ ನಿತ್ಯ ಸಂಪರ್ಕವಿದ್ದ ಆರೋಗ್ಯ ಕಾರ್ಯಕರ್ತರಲ್ಲಿ ಶೇ 8ರಿಂದ 12ರಷ್ಟು ಮಂದಿಯ ದೇಹ ಲ್ಯಾಟೆಕ್ಸ್‌ಗೆ ಸಂವೇದನಶೀಲವಾಗಿತ್ತು.

ನಾನು ಕೆಲಸ ಮಾಡಿದ ಆಸ್ಪತ್ರೆಯೊಂದರಲ್ಲಿ ಸುಳ್ಯದ ಕಡೆಯ ಒಬ್ಬ ಸಿಸ್ಟರ್ ಇದ್ದರು. ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಅವರಷ್ಟು ಚುರುಕಿನವರನ್ನು ನಾನು ಕಂಡದ್ದು ಕಡಿಮೆ. ಮಧ್ಯಾಹ್ನವಾಗುತ್ತಿದ್ದಂತೆ ಅವರಿಗೆ ಸೀನು ಶುರುವಾಗುತ್ತಿತ್ತು. ಮುಖಗವಸಿನ ಮೇಲೆ ಕಾಣುವ ಕಣ್ಣುಗಳು ಕೆಂಪಾಗುತ್ತಿದ್ದವು. ನೆಗಡಿ, ಎ.ಸಿ. ಗಾಳಿ ಎಂದು ಹೇಳಿ ಹಾರಿಕೆಯ ಉತ್ತರ ಕೊಡುತ್ತಿದ್ದರು. ರಜೆಯಲ್ಲಿ ಊರಿಗೆ ಹೋದರೆ ಆರಾಮ, ಕೆಲಸಕ್ಕೆ ಬಂದರೆ ಉಬ್ಬಸ. ಒಂದು ಮಧ್ಯಾಹ್ನ ಉಸಿರು ಕಟ್ಟಿದಂತಾಗಿ ಕೊಠಡಿಯ ಹೊರಗೆ ಗೋಡೆಗೊರಗಿ ಕೂತವರಿಗೆ ನಾನೇ ಚಿಕಿತ್ಸೆ ಕೊಟ್ಟೆ. ಆನಂತರದ ರಕ್ತಪರೀಕ್ಷೆ ಅನುಮಾನವನ್ನು ಖಚಿತಪಡಿಸಿತು.

ಫಲಿತಾಂಶದ ಚೀಟಿ ಹಿಡಿದು ಅವರು ಆಡಿದ ಮಾತು ನನ್ನಲ್ಲಿ ಉಳಿದುಬಿಟ್ಟಿದೆ: ‘ಸರ್, ಅಪ್ಪ ರಬ್ಬರ್ ಟ್ಯಾಪಿಂಗ್‌ಗೆ ಹೋಗುವವರು. ಆ ಹಾಲಿನ ದುಡ್ಡಿನಲ್ಲೇ ನಾನು ನರ್ಸಿಂಗ್ ಓದಿದ್ದು. ಅದೇ ನನಗೆ ಆಗಿಬರುವುದಿಲ್ಲ ಎಂದರೆ ಹೇಗೆ ಸರ್?’ ಇಷ್ಟು ದಿನ ಯಾಕೆ ಮುಚ್ಚಿಟ್ಟಿರಿ ಎಂದು ಕೇಳಿದೆ. ಗುತ್ತಿಗೆ ಕೆಲಸ, ಕೈಗವಸು ಆಗದ ನರ್ಸನ್ನು ಯಾರು ಇಟ್ಟುಕೊಳ್ಳುತ್ತಾರೆ ಎಂದರು. ಅವರ ಅಂಜಿಕೆ ಸುಳ್ಳಾಗಲಿಲ್ಲ. ಅವರಿಗೆಂದು ನೈಟ್ರೈಲ್ ಕೈಗವಸು ಬಂತು, ಆದರೆ ಸುತ್ತಲಿನವರೆಲ್ಲ ಪುಡಿಯ ಕೈಗವಸನ್ನೇ ತೊಡುತ್ತಿದ್ದರು. ಗಾಳಿಯನ್ನು ಹಂಚಿಕೊಂಡ ಕೊಠಡಿಯಲ್ಲಿ ಒಬ್ಬರ ಕೈಗವಸು ಮಾತ್ರ ಬದಲಾದರೆ ಪ್ರಯೋಜನವೇನು? ಮುಂದಿನ ವರ್ಷ ಅವರ ಗುತ್ತಿಗೆ ನವೀಕರಣವಾಗಲಿಲ್ಲ. ಯಾವ ಕಾಗದದಲ್ಲೂ ಅಲರ್ಜಿಯ ಪ್ರಸ್ತಾಪ ಇರಲಿಲ್ಲ.

ಮೇಜಿನ ಮೇಲಿನ ರೋಗಿ

ಸಿಬ್ಬಂದಿಯ ಪಾಡು ಇದಾದರೆ ರೋಗಿಯ ಪಾಡು ಇನ್ನೊಂದು ಬಗೆಯದು. ಪ್ರಜ್ಞೆಯಿಲ್ಲದೆ ಮಲಗಿದ, ಮೈತುಂಬ ಹಸಿರು ಬಟ್ಟೆ ಹೊದಿಸಿದ ರೋಗಿ ತನಗೆ ತುರಿಸುತ್ತಿದೆ ಎಂದು ಹೇಳಲಾರ. ಮೈಮೇಲೆ ಎದ್ದ ಗಂಧೆಯೂ ಕಾಣದು. ಹೊಟ್ಟೆಯೊಳಗೆ ಕೈಗವಸಿನ ಕೈ ಹೊಕ್ಕು ಅರ್ಧ ಗಂಟೆಯೋ ಒಂದು ಗಂಟೆಯೋ ಕಳೆದ ಮೇಲೆ ಏಕಾಏಕಿ ರಕ್ತದೊತ್ತಡ ಕುಸಿಯುತ್ತದೆ, ಶ್ವಾಸಕೋಶ ಬಿಗಿಯುತ್ತದೆ. ರಕ್ತಸ್ರಾವವೇ, ಔಷಧದ ದುಷ್ಪರಿಣಾಮವೇ, ಹೃದಯದ ತೊಂದರೆಯೇ ಎಂದು ಹುಡುಕುವಾಗ ಕೈಯಲ್ಲೇ ಇರುವ ಕಾರಣ ಹೊಳೆಯದೆ ಹೋಗಬಹುದು. 1990ರ ದಶಕದಲ್ಲಿ ಫ್ರಾನ್ಸ್‌ನ ಅರಿವಳಿಕೆ ತಜ್ಞರ ಲೆಕ್ಕದಲ್ಲಿ, ಅರಿವಳಿಕೆಯ ವೇಳೆಯ ಅನಾಫಿಲ್ಯಾಕ್ಸಿಸ್‌ಗೆ ಸ್ನಾಯು ಸಡಿಲಿಸುವ ಔಷಧಗಳ ನಂತರದ ಎರಡನೆಯ ಕಾರಣ ಲ್ಯಾಟೆಕ್ಸ್ ಆಗಿತ್ತು.

ಹೆಚ್ಚು ಅಪಾಯ ಇರುವುದು ಪದೇಪದೇ ಶಸ್ತ್ರಚಿಕಿತ್ಸೆಗೆ ಒಳಗಾಗುವವರಿಗೆ. ಸ್ಪೈನಾ ಬೈಫಿಡಾ, ಅಂದರೆ ಬೆನ್ನುಮೂಳೆ ಪೂರ್ತಿ ಕೂಡಿಕೊಳ್ಳದೆ ಹುಟ್ಟುವ ಮಕ್ಕಳು, ಇವರಲ್ಲಿ ಮೊದಲಿಗರು. ಹುಟ್ಟಿದಂದಿನಿಂದ ಶಸ್ತ್ರಚಿಕಿತ್ಸೆಗಳು, ಮೂತ್ರಕ್ಕೆ ನಿತ್ಯ ರಬ್ಬರ್ ನಳಿಕೆ. ಪಾಶ್ಚಾತ್ಯ ದೇಶಗಳ ಹಳೆಯ ಅಧ್ಯಯನಗಳಲ್ಲಿ ಇಂಥ ಮಕ್ಕಳಲ್ಲಿ ಅರ್ಧದಷ್ಟು ಮಂದಿಯವರೆಗೂ ಲ್ಯಾಟೆಕ್ಸ್ ಸಂವೇದನೆ ಕಂಡುಬಂದಿತ್ತು. ಮೊದಲ ದಿನದಿಂದಲೇ ಲ್ಯಾಟೆಕ್ಸ್ ಸೋಕದಂತೆ ನೋಡಿಕೊಂಡ ಮಕ್ಕಳಲ್ಲಿ ಈ ಪ್ರಮಾಣ ಬಹಳ ಕಡಿಮೆಯಾಯಿತು. ತಡೆಗಟ್ಟುವಿಕೆ ಫಲ ಕೊಡುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಬೇಕಾಗಿಲ್ಲ.

ಮಾಡಿ ತೋರಿಸಿದವರಿದ್ದಾರೆ

ತುದಿಯಲ್ಲಿ ಲ್ಯಾಟೆಕ್ಸ್ ಬಲೂನಿದ್ದ ಬೇರಿಯಂ ಎನಿಮಾ ಉಪಕರಣಗಳಿಂದ ಹಲವರು ಸತ್ತ ಬಳಿಕ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 1991ರಲ್ಲಿ ವೈದ್ಯರನ್ನು ಎಚ್ಚರಿಸಿತು. ಲ್ಯಾಟೆಕ್ಸ್ ಇರುವ ವೈದ್ಯಕೀಯ ಸಾಧನಗಳ ಮೇಲೆ ಎಚ್ಚರಿಕೆಯ ಬರಹ ಕಡ್ಡಾಯವೆಂಬ ನಿಯಮವನ್ನು 1997ರಲ್ಲಿ ಪ್ರಕಟಿಸಿ ಮರುವರ್ಷ ಜಾರಿಗೆ ತಂದಿತು. ಜರ್ಮನಿಯು 1990ರ ದಶಕದ ಕೊನೆಯಲ್ಲಿ ಕೆಲಸದ ಸ್ಥಳಗಳಲ್ಲಿ ಪುಡಿ ಸವರಿದ ಲ್ಯಾಟೆಕ್ಸ್ ಕೈಗವಸುಗಳನ್ನು ನಿಷೇಧಿಸಿತು. ಕೆಲವೇ ವರ್ಷಗಳಲ್ಲಿ ಆರೋಗ್ಯ ಕಾರ್ಯಕರ್ತರ ಹೊಸ ಪ್ರಕರಣಗಳು ತೀವ್ರವಾಗಿ ಇಳಿದವು. ಹಾಲ್‌ಸ್ಟೆಡ್ ಕೈಗವಸು ಮಾಡಿಸಿದ ಅದೇ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ 2008ರಲ್ಲಿ ಲ್ಯಾಟೆಕ್ಸ್ ಕೈಗವಸುಗಳಿಗೆ ಪೂರ್ಣ ವಿದಾಯ ಹೇಳಿತು. 2017ರ ಜನವರಿಯಿಂದ ಅಮೆರಿಕದಾದ್ಯಂತ ಪುಡಿ ಸವರಿದ ವೈದ್ಯಕೀಯ ಕೈಗವಸುಗಳ ಮಾರಾಟಕ್ಕೆ ನಿಷೇಧ ಬಂತು. ಬ್ರಿಟನ್ನಿನಲ್ಲಿ ಅರಿವಳಿಕೆಯ ವೇಳೆಯ ಅನಾಫಿಲ್ಯಾಕ್ಸಿಸ್ ಕುರಿತು ನಡೆದ ರಾಷ್ಟ್ರವ್ಯಾಪಿ ಪರಿಶೀಲನೆಯ ವರದಿ 2018ರಲ್ಲಿ ಪ್ರಕಟವಾದಾಗ, ಅದರಲ್ಲಿ ಲ್ಯಾಟೆಕ್ಸ್‌ನಿಂದಾದ ಪ್ರಕರಣ ಒಂದೂ ಇರಲಿಲ್ಲ.

ನಮ್ಮಲ್ಲಿ? ಪುಡಿಯ ಕೈಗವಸು ಔಷಧ ಅಂಗಡಿಗಳಲ್ಲಿ ಸಲೀಸಾಗಿ ಸಿಗುತ್ತದೆ. 2020ರ ಕೊರೊನಾ ಕಾಲದಿಂದ ಕೈಗವಸು ಆಸ್ಪತ್ರೆಯ ಗೋಡೆ ದಾಟಿ ಬ್ಯೂಟಿ ಪಾರ್ಲರ್, ಹೋಟೆಲಿನ ಅಡುಗೆಮನೆ, ಹಣ್ಣು ಹೆಚ್ಚಿ ಮಾರುವ ಗಾಡಿಗಳನ್ನೂ ಸೇರಿದೆ. ಪುಡಿರಹಿತವಾದದ್ದಕ್ಕೆ ತುಸು ಹೆಚ್ಚು ಬೆಲೆ. ಟೆಂಡರಿನಲ್ಲಿ ಅತಿ ಕಡಿಮೆ ದರ ಕೂಗಿದವರಿಗೇ ಸರಕಿನ ಗುತ್ತಿಗೆ ಹೋಗುವ ವ್ಯವಸ್ಥೆಯಲ್ಲಿ ಆ ತುಸುವೇ ದೊಡ್ಡದಾಗುತ್ತದೆ. ಆದರೆ ತರಬೇತಾದ ಒಬ್ಬ ಶುಶ್ರೂಷಕಿಯನ್ನು ಕಳೆದುಕೊಳ್ಳುವ ನಷ್ಟ, ಮೇಜಿನ ಮೇಲೆ ಕುಸಿದ ರೋಗಿಯನ್ನು ತೀವ್ರ ನಿಗಾ ಘಟಕದಲ್ಲಿ ಉಳಿಸಿಕೊಳ್ಳುವ ವೆಚ್ಚ ಯಾವ ಟೆಂಡರಿನ ಲೆಕ್ಕದಲ್ಲೂ ಬರುವುದಿಲ್ಲ.

ಇಲ್ಲೊಂದು ಆಕ್ಷೇಪ ಏಳುವುದು ಸಹಜ. ರಬ್ಬರ್ ಬೇಡವೆಂದರೆ ಬೆಳೆಗಾರನ ಗತಿಯೇನು? ದಕ್ಷಿಣ ಕನ್ನಡದಲ್ಲಿ ಈ ಬೆಳೆಯನ್ನು ನಂಬಿದ ಸಣ್ಣ ಹಿಡುವಳಿದಾರರಿದ್ದಾರೆ. 1964ರ ಸಿರಿಮಾವೊ-ಶಾಸ್ತ್ರಿ ಒಪ್ಪಂದದ ಬಳಿಕ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳಿಗೆ ಸರ್ಕಾರ ದಾರಿ ತೋರಿಸಿದ್ದೂ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲೇ. ಆದರೆ ದೇಶದ ರಬ್ಬರಿನ ಬಹುಪಾಲು ಹೋಗುವುದು ಟೈರಿಗೆ. ಹೆಚ್ಚು ಕಾವಿನಲ್ಲಿ ಹದಗೊಂಡ ಟೈರು, ಪಾದರಕ್ಷೆಯಂಥ ಗಟ್ಟಿ ರಬ್ಬರಿನಿಂದ ಇಂಥ ಅಲರ್ಜಿ ಬರುವುದು ಅಪರೂಪ. ತಕರಾರು ಇರುವುದು ಹಾಲಿನಲ್ಲಿ ಅದ್ದಿ ತೆಗೆಯುವ ತೆಳು ಸಾಮಗ್ರಿಗಳ ಬಗ್ಗೆ ಮಾತ್ರ. ಅಲ್ಲಿಯೂ ಚೆನ್ನಾಗಿ ತೊಳೆದು ಪ್ರೋಟೀನ್ ಇಳಿಸಿದ, ಪುಡಿ ಸವರದ ಕೈಗವಸನ್ನು ಬಹುಪಾಲು ಜನ ನಿರಾತಂಕವಾಗಿ ಬಳಸಬಹುದು. ಹೊಸಬರಲ್ಲಿ ಅಲರ್ಜಿ ಹುಟ್ಟುವುದನ್ನು ಅದು ಬಹುಮಟ್ಟಿಗೆ ತಡೆಯುತ್ತದೆ. ಈಗಾಗಲೇ ಅಲರ್ಜಿ ಇರುವವರಿಗೆ ಮಾತ್ರ ಲ್ಯಾಟೆಕ್ಸ್ ಪೂರ್ತಿ ವರ್ಜ್ಯ. ಬೇಡವೆನ್ನಬೇಕಾದದ್ದು ಮರವನ್ನಲ್ಲ, ಪುಡಿಯನ್ನು.

ಹಾಗಾದರೆ ಆಗಬೇಕಾದದ್ದೇನು? ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳು ಪುಡಿಯ ಲ್ಯಾಟೆಕ್ಸ್ ಕೈಗವಸಿನ ಖರೀದಿಯನ್ನು ನಿಲ್ಲಿಸಬೇಕು. ಪ್ರತಿ ಶಸ್ತ್ರಚಿಕಿತ್ಸಾ ವಿಭಾಗದಲ್ಲೂ ಲ್ಯಾಟೆಕ್ಸ್ ಇಲ್ಲದ ಕೈಗವಸು, ನಳಿಕೆ, ಕೆಥೆಟರ್‌ಗಳ ಒಂದು ಪೆಟ್ಟಿಗೆ ಸಿದ್ಧವಿರಬೇಕು. ಅಲರ್ಜಿ ಬಂದ ಸಿಬ್ಬಂದಿಗೆ ಅದು ವೃತ್ತಿಯಿಂದ ಬಂದ ಕಾಯಿಲೆಯೆಂದು ಪರಿಗಣಿಸಿ ಬೇರೆ ವಿಭಾಗದಲ್ಲಿ ಕೆಲಸ ಕೊಡಬೇಕೇ ಹೊರತು ಮನೆಗೆ ಕಳುಹಿಸಬಾರದು. ಕೆಲಸ ಹೋಗುವುದೆಂಬ ಭಯ ಇರುವಷ್ಟು ದಿನ ಸೀನು ನೆಗಡಿಯಾಗಿಯೇ ಉಳಿಯುತ್ತದೆ.

ಓದುಗರು ಮಾಡಬಹುದಾದದ್ದೂ ಇದೆ. ಬಲೂನು ಊದುವಾಗ ತುಟಿ ಊದಿಕೊಳ್ಳುವುದು, ಹಲ್ಲಿನ ವೈದ್ಯರಲ್ಲಿಗೆ ಹೋಗಿ ಬಂದ ಮೇಲೆ ಬಾಯಿಯ ಸುತ್ತ ಗಂಧೆ, ಕಾಂಡೋಮ್ ಬಳಕೆಯ ನಂತರ ತುರಿಕೆ, ಪಾತ್ರೆ ತೊಳೆಯುವ ರಬ್ಬರ್ ಕೈಗವಸಿನಿಂದ ಉಬ್ಬಸ ಇವು ಯಾವುದಾದರೂ ಆಗಿದ್ದರೆ ಉದಾಸೀನ ಮಾಡದೆ ಅಲರ್ಜಿ ತಜ್ಞರನ್ನು ಕಾಣಬೇಕು. ಕಾಂಡೋಮ್ ಬಗ್ಗೆ ಸಂಕೋಚಪಟ್ಟು ಬಾಯಿ ಮುಚ್ಚಿಕೊಳ್ಳಬೇಕಿಲ್ಲ. ಪಾಲಿಯುರೆಥೇನ್, ಪಾಲಿಐಸೊಪ್ರೀನ್‌ಗಳಿಂದ ಮಾಡಿದವು ಉಂಟು. ಗೋಡೆಗೆ ಬಳಿಯುವ ‘ಲ್ಯಾಟೆಕ್ಸ್ ಪೇಂಟ್’ ಹೆಸರಿಗೆ ಮಾತ್ರ ಲ್ಯಾಟೆಕ್ಸ್. ಅದರಲ್ಲಿ ಮರದ ಹಾಲಿಲ್ಲ, ಅದಕ್ಕೆ ಹೆದರಬೇಕಾಗಿಲ್ಲ.

ಅಲರ್ಜಿ ಖಚಿತವಾದವರು ಆ ವಿಷಯ ಬರೆದ ಚೀಟಿಯನ್ನು ಸದಾ ಜೊತೆಯಲ್ಲಿಟ್ಟುಕೊಳ್ಳುವುದು ಒಳಿತು. ಗಂಟಲು ಬಿಗಿದು ಉಸಿರು ಸಿಕ್ಕಿಕೊಂಡು ತಲೆ ಸುತ್ತುವ ಸ್ಥಿತಿ ಬಂದರೆ ಅಲರ್ಜಿಯ ಮಾತ್ರೆ ನುಂಗಿ ಕಾಯುವಂತಿಲ್ಲ. ಆಗ ಪ್ರಾಣ ಉಳಿಸುವುದು ತೊಡೆಯ ಸ್ನಾಯುವಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು. 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಯನ್ನು ಕೂಡಲೇ ತಲುಪಬೇಕು. ತಡವಾದಷ್ಟೂ ಅಪಾಯ ಹೆಚ್ಚು.

ಕೊನೆಯದಾಗಿ ಒಂದು ಕೋರಿಕೆ. ನೀವಾಗಲೀ ನಿಮ್ಮ ಮನೆಯವರಾಗಲೀ ಶಸ್ತ್ರಚಿಕಿತ್ಸೆಗೆ ಹೋದಾಗ ಅರಿವಳಿಕೆ ವೈದ್ಯರು ಔಷಧದ ಅಲರ್ಜಿಯ ಬಗ್ಗೆ ಕೇಳಿಯೇ ಕೇಳುತ್ತಾರೆ. ರಬ್ಬರಿನ ಬಗ್ಗೆ ಕೇಳದಿದ್ದರೆ ನೀವೇ ಹೇಳಿ; ಹೇಳಲು ಏನೂ ಇಲ್ಲದಿದ್ದರೂ, ನಿಮ್ಮಲ್ಲಿ ಯಾವ ಕೈಗವಸು ಬಳಸುತ್ತೀರಿ ಎಂದು ವಿಚಾರಿಸಿ. ಒಬ್ಬರು ಕೇಳಿದರೆ ವೈದ್ಯರು ಉತ್ತರ ಕೊಟ್ಟು ಮರೆಯಬಹುದು. ಹತ್ತು ಜನ ಕೇಳಿದರೆ ಆ ಪ್ರಶ್ನೆ ಖರೀದಿ ವಿಭಾಗದ ಮೇಜನ್ನು ತಲುಪುತ್ತದೆ. ಪುಡಿಯ ಗಾಳಿಯಲ್ಲಿ ಸೀನುತ್ತ, ನೆಗಡಿಯೆಂದು ಹೇಳಿಕೊಂಡು ದುಡಿಯುತ್ತಿರುವ ಯಾವುದೋ ಸಿಸ್ಟರ್‌ಗೆ ಅದರಿಂದ ಆಗುವ ಉಪಕಾರ ಸಣ್ಣದಲ್ಲ.